ಜ್ವರ ಬಿಟ್ಟಿತು, ಕೆಮ್ಮು ಬಿಡಲಿಲ್ಲ
ವೈರಲ್ ಜ್ವರದ ನಂತರ ಕೆಮ್ಮು 3ರಿಂದ 8 ವಾರ ಉಳಿಯಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಐದು ವಾರ ಕಾಡಿತು. ಹಗಲೆಲ್ಲ ಸುಮ್ಮನಿದ್ದು, ಮಲಗಿದ ತಕ್ಷಣ ಶುರು. ಮೂಗಿನ ಸಿಂಬಳ ಗಂಟಲಿಗೆ ಇಳಿಯುತ್ತಿತ್ತು. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದ ಮೇಲೆ ಸ್ವಲ್ಪ ನಿದ್ದೆ ಬಂತು. ಜೇನು ಕೂಡ ಹಿತವಾಯಿತು (ವರ್ಷ ತುಂಬದ ಕೂಸಿಗೆ ಮಾತ್ರ ಕೊಡಲೇಬೇಡಿ). ನಮ್ಮ ರಾಯಚೂರಿನಲ್ಲಿ ರೈಸ್ ಮಿಲ್ ಧೂಳು ಬೇರೆ. ಸಂಜೆಗೇ ಕಿಟಕಿ ಹಾಕಿದೆ. ಈ ಸೆಕೆಯಲ್ಲಿ ಅದೂ ಒಂದು ಶಿಕ್ಷೆಯೇ, ಅಲ್ವಾ?

ಮೆಡಿಕಲ್ ಶಾಪಿನವರು ಆಂಟಿಬಯೋಟಿಕ್ ಕೊಡಲು ಬಂದರು, ಬೇಡ ಎಂದೆ. ವೈರಸ್‌ಗೆ ಅದು ನಾಟುವುದಿಲ್ಲ. ನೀವು ಬಿಟ್ಟಿರುವ ಒಂದು ಮಾತು: ಕೆಮ್ಮು ಎರಡು ವಾರ ದಾಟಿದರೆ ಟಿಬಿ (ಕ್ಷಯ) ಇದೆಯೇ ಎಂದು ನೋಡಲು ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಉಚಿತ. ನಾನೂ ಮಾಡಿಸಿದೆ, ಏನೂ ಇರಲಿಲ್ಲ.