ಕ್ಯಾಲಿಫೋರ್ನಿಯಾದಲ್ಲಿ ಪಕ್ಕದ ಸೈಟಿನಲ್ಲಿ ಮನೆಗಳೇಳದಂತೆ ನೋಡಿಕೊಳ್ಳುವ ಕ್ರಮ

ಮೊದಲನೆಯದಾಗಿ, ಕೈಗೆಟುಕುವ ದರದ ಮನೆಗಳನ್ನು ವಿರೋಧಿಸಬೇಡಿ. ಹಾಗೆ ನೇರವಾಗಿ ವಿರೋಧಿಸುವುದು ಕಸುಬು ಗೊತ್ತಿಲ್ಲದವರ ಲಕ್ಷಣ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಮೈಕು ಸಿಕ್ಕೊಡನೆ "ಬಡವರಿಗೆ ಸೂರು ಬೇಕೇ ಬೇಕು" ಎಂದು ಶುರುಮಾಡಿ, ಗಂಟಲು ಸರಿಮಾಡಿಕೊಂಡು "ಆದರೆ" ಅನ್ನಿ.

ಆಮೇಲೆ ನೆರಳು ಹುಡುಕಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದಕ್ಕೆ ಕಾನೂನಿನ ಆಸರೆಯೇ ಇದೆ: 40 ಅಡಿಗಿಂತ ಎತ್ತರದ ಕಟ್ಟಡ ನಗರದ ಉದ್ಯಾನಗಳ ಬಿಸಿಲು ಕಸಿಯಬಾರದೆಂದು 1984ರಲ್ಲಿ ಮತದಾರರೇ ತೀರ್ಮಾನಿಸಿದ್ದಾರೆ. ಉದ್ಯಾನ ಸಿಗದಿದ್ದರೆ ಶಾಲೆಯ ಮೈದಾನವೂ ನಡೆಯುತ್ತದೆ. ಮಿಷನ್ ಬಡಾವಣೆಯಲ್ಲಿ ಒಂದು ಲಾಂಡ್ರಿ ಕೆಡವಿ 75 ಮನೆ ಕಟ್ಟುವ ಪ್ರಸ್ತಾಪ ಬಂದಾಗ, ಮೊದಲು ಆ ಲಾಂಡ್ರಿಗೆ ಚಾರಿತ್ರಿಕ ಮಹತ್ವ ಇದೆಯೇ ಎಂಬ ಸಂಶೋಧನೆ ನಡೆಯಿತು. ಅದು ಮುಗಿಯಿತೆನ್ನುವಾಗ, 2018ರಲ್ಲಿ, ಪಕ್ಕದ ಶಾಲೆಯ ಆಟದ ಮೈದಾನದ ಮೇಲೆ ಎಷ್ಟು ನೆರಳು ಬೀಳುತ್ತದೆಂದು ಅಳೆಯುವ ಕೆಲಸ ಬಂತು.

ಪ್ರಾಣಿಗಳನ್ನೂ ಮರೆಯಬೇಡಿ. ಒಂಟಿ ಮನೆಯ ಸೈಟನ್ನು ಇಬ್ಭಾಗ ಮಾಡಿ ನಾಲ್ಕು ಮನೆಗಳವರೆಗೆ ಕಟ್ಟಲು ಬಿಡುವ ರಾಜ್ಯದ ಕಾಯ್ದೆ 2022ರ ಜನವರಿಯಲ್ಲಿ ಜಾರಿಗೆ ಬಂತು. ಸಿರಿವಂತರ ವುಡ್‌ಸೈಡ್ ಪಟ್ಟಣ, ತನ್ನ ಇಡೀ ವ್ಯಾಪ್ತಿಯೇ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳ ಆವಾಸಸ್ಥಾನ, ಆದ್ದರಿಂದ ಕಾಯ್ದೆ ತನಗೆ ಅನ್ವಯಿಸದು ಎಂದಿತು. ಬಂಗಲೆಗಳಿಂದ ಪ್ಯೂಮಾಗಳಿಗೆ ತೊಂದರೆಯಿಲ್ಲ. ಎರಡನೇ ಅಡುಗೆಮನೆ ಬಂದರೆ ಮಾತ್ರ ಅವು ಬೆದರುತ್ತವೆ. ಇದು ಕಾನೂನಿಗೆ ವಿರುದ್ಧ ಎಂದು ರಾಜ್ಯದ ಅಟಾರ್ನಿ ಜನರಲ್ ಎಚ್ಚರಿಸಿದ ಮೇಲೆ ಪಟ್ಟಣ ಹಿಂದೆ ಸರಿಯಿತು. ಪ್ಯೂಮಾಗಳ ಅಭಿಪ್ರಾಯ ಯಾರೂ ಕೇಳಲಿಲ್ಲ.

ಮನುಷ್ಯರನ್ನೇ ಮಾಲಿನ್ಯವೆನ್ನುವ ದಾರಿಯೂ ಇದೆ. ಬರ್ಕ್ಲಿಯಲ್ಲಿ ವಿಶ್ವವಿದ್ಯಾಲಯ ವಿದ್ಯಾರ್ಥಿನಿಲಯ ಕಟ್ಟಹೊರಟಾಗ, ಅಲ್ಲಿ ವಾಸಿಸಲಿರುವ ಹುಡುಗರ ಗದ್ದಲವನ್ನೂ ಪರಿಸರದ ಮೇಲಿನ ಪರಿಣಾಮವಾಗಿ ಪರಿಶೀಲಿಸಬೇಕಿತ್ತೆಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದೇ ವರ್ಷ ಶಾಸನಸಭೆ ಕಾನೂನನ್ನೇ ತಿದ್ದಬೇಕಾಯಿತು.

ಗೆಲ್ಲಲಿಲ್ಲವಲ್ಲ ಎಂದು ಬೇಸರ ಬೇಡ. ಗೆಲ್ಲುವುದು ಇಲ್ಲಿ ಗುರಿಯೇ ಅಲ್ಲ, ತಡಮಾಡುವುದು ಗುರಿ. ಲೆಕ್ಕ ಹಾಕಿ: 1 ಕೋಟಿ ಡಾಲರಿನ ಜಾಗದಲ್ಲಿ 100 ಮನೆ ಎಂದರೆ ಒಂದೊಂದರ ತಲೆಗೆ ಜಾಗದ ಖರ್ಚು 1 ಲಕ್ಷ. "ಬಡಾವಣೆಯ ಚಹರೆ ಕೆಡುತ್ತದೆ" ಎಂದು ಮೇಲಿನ ಮಹಡಿಗಳನ್ನು ಕತ್ತರಿಸಿ 60 ಮನೆಗೆ ಇಳಿಸಿ, ಅದು 1.66 ಲಕ್ಷ ದಾಟುತ್ತದೆ. ಜಾಗದ ಸಾಲಕ್ಕೆ ಶೇ. 8ರ ಬಡ್ಡಿಯಾದರೆ, ನೀವು ತಡೆಹಿಡಿದ ಪ್ರತಿ ವರ್ಷಕ್ಕೂ ಮನೆಯೊಂದಕ್ಕೆ ಇನ್ನೂ 13 ಸಾವಿರ ಚಿಲ್ಲರೆ. ಮೇಲೆ ವಕೀಲರ, ನೆರಳು ತಜ್ಞರ ಶುಲ್ಕ. ಮನೆಗೊಂದು ಕಾರು ನಿಲ್ಲಿಸುವ ಜಾಗ ಬೇಕೆಂದು ಹಟ ಹಿಡಿದರೆ ನೆಲಮಾಳಿಗೆ ಅಗೆತವೂ ಸೇರುತ್ತದೆ. ಕೊನೆಗೆ ಬೆಲೆಪಟ್ಟಿ ಹೊರಬಂದಾಗ ಅದನ್ನೇ ಎತ್ತಿಹಿಡಿದು ಗುಡುಗಿ: "ನೋಡಿ, ಇವು ಶ್ರೀಮಂತರ ಮನೆಗಳು! ನಾವು ಮೊದಲೇ ಹೇಳಿರಲಿಲ್ಲವೇ?"

ಬೆಲೆ ಏರಿದರೆ ನಿಮಗೂ ತೆರಿಗೆ ಏರೀತೆಂಬ ಚಿಂತೆ ಬೇಡ. 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರಪೊಸಿಷನ್ 13 ಎಂಬ ಕಾನೂನು ಆಸ್ತಿತೆರಿಗೆಯ ಮೂಲ ದರವನ್ನು ಶೇ. 1ಕ್ಕೆ ಕಟ್ಟಿಹಾಕಿದೆ, ಮನೆ ನಿಮ್ಮ ಕೈಯಲ್ಲೇ ಇರುವವರೆಗೆ ತೆರಿಗೆಗೆ ಹಿಡಿಯುವ ಮೌಲ್ಯ ಸಾಮಾನ್ಯವಾಗಿ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚುವಂತಿಲ್ಲ. ಪೇಟೆಯಲ್ಲಿ ಬೆಲೆ ಹತ್ತುಪಟ್ಟಾಗಲಿ, ತೆರಿಗೆಯ ಮಟ್ಟಿಗೆ ನೀವು ಬಡವರೇ.

ಸಭೆ ಆದಷ್ಟೂ ಕೆಲಸದ ದಿನ, ಮಧ್ಯಾಹ್ನವೇ ನಡೆಯಲಿ. ನಿವೃತ್ತರಿಗೆ ಅನುಕೂಲ. ಆ 100 ಮನೆಗಳಿಗೆ ಬರಬೇಕಾದವರು ಎದ್ದುನಿಂತು ಮಾತಾಡಿಯಾರೆಂಬ ಭಯ ಬೇಡ. ಅವರು ಎರಡು ಗಂಟೆ ದೂರದ ಊರಿನಲ್ಲಿ ಬಾಡಿಗೆಗಿದ್ದಾರೆ, ಆ ಹೊತ್ತಿಗೆ ಡ್ಯೂಟಿಯಲ್ಲಿರುತ್ತಾರೆ. ಅಕಸ್ಮಾತ್ ಒಬ್ಬರು ಬಂದೇಬಿಟ್ಟರೆ ವಿನಯದಿಂದ ಕೇಳಿ: "ತಾವು ಈ ಬಡಾವಣೆಯವರಾ?"