‘ನಾನ್ಯಾರು ಹೇಳಿ ನೋಡೋಣ?’

ನಿನ್ನೆ ಮೈಸೂರಿನಲ್ಲಿ ಒಂದು ಗೃಹಪ್ರವೇಶ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವಳಿನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಮೂರು ವರ್ಷಕ್ಕೊಮ್ಮೆ ಮುಖ ತೋರಿಸುವ ನೆಂಟರೊಬ್ಬರು ಹಲ್ಲು ಬಿಡುತ್ತಾ ಬಂದರು. ‘ದೊಡ್ಡಮ್ಮಾ, ನಾನ್ಯಾರು ಹೇಳಿ ನೋಡೋಣ?’

ಅಮ್ಮ ನಕ್ಕಳು. ‘ನಿಮ್ಮನ್ನ ಮರೀತೀನಾ? ಊಟ ಆಯ್ತಾ?’

ಎಂಥ ಜಾಣ ಉತ್ತರ! ಅಷ್ಟಕ್ಕೇ ಬಿಡಬಹುದಿತ್ತಲ್ವಾ? ಊಹೂಂ. ‘ಹಾಗಲ್ಲ, ಹೆಸರು ಹೇಳಿ.’ ಸುತ್ತ ನಾಲ್ಕು ಜನ ಸೇರಿದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ವಾಪಸ್ ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದಳು: ‘ನಾನೇನಾದ್ರೂ ತಪ್ಪು ಮಾತಾಡಿದ್ನಾ?’ ಯಾರು ಕೇಳಿದ್ದು, ಏನು ಕೇಳಿದ್ದು, ಎಲ್ಲ ಮರೆತಿತ್ತು. ಅವಮಾನ ಮಾತ್ರ ಉಳಿದಿತ್ತು.

ಅಮ್ಮನಿಗೆ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಎಲ್ಲ ಕುಂದುತ್ತಾ ಹೋಗುವ ಮೆದುಳಿನ ಕಾಯಿಲೆ. ‘ಅರಳುಮರಳು ಬಿಡು’ ಅಂದವರೂ ಇದ್ದಾರೆ. 2023ರಲ್ಲಿ ಬಂದ ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಅವರಲ್ಲಿ ಎಷ್ಟು ಜನ ಹೀಗೆ ಮದುವೆ ಮುಂಜಿಗಳಲ್ಲಿ ಪರೀಕ್ಷೆ ಬರೆಯುತ್ತಿದ್ದಾರೋ!

‘ಮೆದುಳಿಗೆ ಕೆಲಸ ಕೊಡಬೇಕಲ್ವಾ, ಕೇಳಿದ್ರೆ ತಪ್ಪೇನು?’ ಅಂದರು ಅದೇ ನೆಂಟರು. ಕೊಡಿ ಸ್ವಾಮಿ, ಬೇಡ ಅಂದವರ‍್ಯಾರು? ಡಿಮೆನ್ಷಿಯಾ ಇರುವವರಿಗಾಗಿಯೇ ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ ಅಂತ ಒಂದಿದೆ. ನಾಲ್ಕಾರು ಜನ ಕೂತು ಹಾಡು, ಅಡುಗೆ, ಹಳೆಯ ಕಾಲದ ಮಾತು ಆಡೋದು. ಅಲ್ಲೂ ಸರಿಯುತ್ತರ ಕೇಳಬೇಡಿ, ಅಭಿಪ್ರಾಯ ಕೇಳಿ ಅನ್ನುತ್ತಾರೆ. ತಾರೀಕು ಕೇಳೋದು, ಗಡಿಯಾರದ ಚಿತ್ರ ಬರೆಸಿ ಪರೀಕ್ಷೆ ಮಾಡೋದು ಡಾಕ್ಟರ ಕೆಲಸ. ನಿಮ್ಮದಲ್ಲ. ಬಂದವರು ‘ದೊಡ್ಡಮ್ಮಾ, ನಾನು ಇಂಥವನು, ನಿಮ್ಮ ತಂಗಿ ಮಗ’ ಅಂದರೆ ನಾಲಿಗೆ ಸವೆಯುತ್ತಾ?

ಸರಿ, ನನ್ನದೂ ಹೇಳಿಬಿಡ್ತೀನಿ. ಮೊದಲ ವರ್ಷ ನಾನೇ ದಿನಾ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುವ ಮುಂಚೆ ‘ಇವತ್ತು ಯಾವ ವಾರ?’ ಅಂತ ಕೇಳುತ್ತಿದ್ದೆ. ಅವಳು ತಡವರಿಸಿದರೆ ಸಿಟ್ಟಾಗುತ್ತಿದ್ದೆ. ಕಾಫಿ ಆರುತ್ತಿತ್ತು. ಸಾಲದ್ದಕ್ಕೆ ಗ್ಯಾಸ್ ಆನ್ ಮಾಡಿ ಮರೀತಾಳೆ ಅಂತ ಅಡುಗೆಮನೆಗೇ ಬಿಡುತ್ತಿರಲಿಲ್ಲ. ಗ್ಯಾಸ್ ಭಯ ನಿಜ, ಆದರೆ ಗ್ಯಾಸ್ ಬೇಡದ ಕೆಲಸ ಎಷ್ಟಿಲ್ಲ?

ಕಳೆದ ಅವರೆಕಾಯಿ ಸೀಸನ್‌ನಲ್ಲಿ ನೆನೆಸಿದ ಕಾಳಿನ ಪಾತ್ರೆ ಸುಮ್ನೆ ಅವಳ ಮುಂದಿಟ್ಟೆ. ಏನೂ ಹೇಳಲಿಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹಿಡಿದು ಒಂದು ಸಲ ಒತ್ತಿದಳು. ಟಪಕ್ಕನೆ ಬೇಳೆ ಆಚೆ, ಸಿಪ್ಪೆ ಈಚೆ. ಆಮೇಲೆ ನಿಲ್ಲಿಸಲೇ ಇಲ್ಲ. ಹೆಸರು, ತಾರೀಕು ಮೊದಲು ಅಳಿಸಿಹೋಗುತ್ತವಂತೆ, ಕೈಗೆ ಹತ್ತಿದ ಕೆಲಸ ಬಹಳ ಕಾಲ ಉಳಿಯುತ್ತದಂತೆ. ಡಾಕ್ಟರು ಹೇಳಿದಾಗ ತಲೆಗೆ ಹೋಗಿರಲಿಲ್ಲ.

ನಾನೂ ಪಕ್ಕದಲ್ಲಿ ಕೂತೆ. ನನ್ನ ಬೇಳೆಯೆಲ್ಲ ನಜ್ಜುಗುಜ್ಜು. ಅಮ್ಮ ಅದನ್ನು ನೋಡಿ, ನನ್ನ ಮುಖ ನೋಡಿ ಕೇಳಿದಳು:

‘ಯಾರ ಮಗಳಮ್ಮಾ ನೀನು? ಹಿತುಕೋದು ನಿಮ್ಮಮ್ಮ ಹೇಳಿಕೊಡ್ಲಿಲ್ವಾ?’

‘ಹೇಳಿಕೊಟ್ಟಿದ್ಲು, ನಾನೇ ಮರೆತುಬಿಟ್ಟೆ’ ಅಂದೆ.

‘ಪರವಾಗಿಲ್ಲ ಬಿಡು’ ಅಂತ ನನ್ನ ಪಾಲಿನ ಕಾಳನ್ನೂ ತನ್ನ ಕಡೆ ಎಳೆದುಕೊಂಡಳು.