ಧ್ಯಾನ ಮಾಡ್ರಿ, ಆದ್ರ ಕಣ್ಣು ತೆಕ್ಕೊಂಡು ಮಾಡ್ರಿ

ಜೂನ್ 21ರ ಯೋಗ ದಿನ ಬಂತಂದ್ರ ನಮ್ಮ ಕೊಪ್ಪಳದಾಗ ಮನಶ್ಶಾಂತಿಗೂ ಸರ್ಕ್ಯುಲರ್ ಬರ್ತೈತಿ. ಮುಂಜಾನೆ ಐದೂವರೆಗೆ ಹಾಜರಿ, ಬಿಳಿ ಟೀಶರ್ಟ್ ಕಡ್ಡಾಯ, ತಪ್ಪಿದ್ರ ನೋಟಿಸ್. ಹಿಂಗ ಹೆದರಿಸಿ ಕರಕೊಂಡು ಬಂದ ಮಂದಿಗೆ ಮೈಕಿನ್ಯಾಗ ಮೊದಲನೇ ಮಾತು 'ರಿಲ್ಯಾಕ್ಸ್ ಆಗ್ರಿ'.

ಮನಸ್ಸಿನ ಓಡಾಟ ನಿಲ್ಲಿಸೋದ ಯೋಗ ಅಂತ ಪತಂಜಲಿ ತನ್ನ ಯೋಗಸೂತ್ರದ ಎರಡನೇ ಸೂತ್ರದಾಗ ಹೇಳಿ ಮುಗಿಸ್ಯಾನ, ಎಂಟು ಅಂಗದಾಗ ಆಸನ ಬರೋದು ಮೂರನೇದು, ಅದಕ್ಕೂ ಅಲುಗಾಡದಂಗ ಆರಾಮಾಗಿ ಕುಂದ್ರು ಅಂದಾನ ಅಷ್ಟ. ಮೊದಲನೇದು ಯಮ. ಸುಳ್ಳು ಹೇಳಬ್ಯಾಡ, ಕದಿಬ್ಯಾಡ, ಕೂಡಿಡಬ್ಯಾಡ ಅಂತೆಲ್ಲಾ ಐತಿ ಅದ್ರಾಗ. ಇದನ್ನ ಸ್ಟೇಜ್ ಮ್ಯಾಲೆ ಮಾಡಿ ತೋರಸ್ರಿ ಅಂದ್ರ ಮುಖ್ಯ ಅತಿಥಿಗಳಿಗೆ ಸೊಂಟ ಹಿಡಕೊಂತೈತಿ, ಹಂಗಾಗಿ ನಮ್ದು ಸೀದಾ ತಾಡಾಸನದಿಂದ ಶುರು.

2015ರಾಗ ದೆಹಲಿ ರಾಜಪಥದಾಗ 35,985 ಮಂದಿ ಒಟ್ಟಿಗೆ ಮಾಡಿ ಗಿನ್ನೆಸ್ ದಾಖಲೆ ಆತು ನೋಡ್ರಿ, ಅವತ್ತಿಂದ ಯೋಗಕ್ಕ ತಲಿ ಎಣಿಸೋ ಚಟ ಹತ್ತೈತಿ.

ಹೋದ ವರ್ಷ ನನಗೂ ಹುಡ್ರನ್ನ ಕರ್ಕೊಂಡು ಹೋಗೋ ಡ್ಯೂಟಿ ಬಿತ್ತು. ಅತಿಥಿಗಳು ಬರೋದು ಒಂದು ತಾಸು ಲೇಟು, ಅಲ್ಲಿತನಾ ವಜ್ರಾಸನದಾಗ ಕುಂದ್ರಸಿದ್ರು, ಅವ್ರು ಬಂದಾಗ ಸ್ವಾಗತಕ್ಕ ಏಳ್ರಿ ಅಂದ್ರ ಜೋಮು ಹಿಡಿದು ಅರ್ಧ ಮಂದಿಗೆ ಏಳಾಕ ಆಗ್ಲಿಲ್ಲ, ಸಾಹೇಬ್ರು ಅದನ್ನ ಭಕ್ತಿ ಅಂದ್ಕೊಂಡು ಕೈ ಮುಗಿದ್ರು. ಪ್ರಾಣಾಯಾಮಕ್ಕ ಬಂದಾಗ ಗಿಣಿಗೇರಿ ಕಡಿ ಹುಡುಗ ಒಬ್ಬ ಕೈ ಎತ್ತಿದ. 'ಸರ, ನಮ್ಮೂರಾಗ ಫ್ಯಾಕ್ಟರಿ ಧೂಳು ಭಾಳ ರಿ, ಮಾಳಗಿ ಮ್ಯಾಲೆ ಒಣಹಾಕಿದ ಅಂಗಿ ಸಂಜಿಗೆ ಕರ್ರಗ ಆಗ್ತೈತಿ, ಅಲ್ಲಿ ಬರೇ ಉಸಿರು ಬಿಡೋ ರೇಚಕ ಮಾಡಿದ್ರ ನಡೀತೈತೇನ್ರಿ, ಉಸಿರು ಎಳಕೊಳ್ಳೋ ಪೂರಕ ಬಿಟ್ಟು?' ಯೋಗದ ಮೇಷ್ಟ್ರು ಮೈಕ್ ಆಫ್ ಮಾಡಿದ್ರು.

ಆಮ್ಯಾಲೆ ಧ್ಯಾನ. ನಮ್ಮ ಕ್ಲರ್ಕು ಜಿಪಿಎಸ್ ಕ್ಯಾಮರಾದಾಗ ಫೋಟೊ ತೆಗೆದು ಗ್ರೂಪಿಗೆ ಹಾಕಿದ. ಎರಡು ನಿಮಿಷಕ್ಕ ಮ್ಯಾಲಿನ ಆಫೀಸಿಂದ ಫೋನು. 'ಏನ್ರೀ ಇದು, ಎಲ್ಲಾರ ಕಣ್ಣೂ ಮುಚ್ಯಾವ, ಇನ್ನೊಂದು ಕಳಸ್ರಿ.' ಸರ ಇದು ಧ್ಯಾನ ರಿ ಅಂದ. 'ಗೊತ್ತೈತ್ರಿ, ನೋಡಿದವ್ರಿಗೆ ನಿದ್ದಿ ಮಾಡಿದಂಗ ಕಾಣ್ತೈತಿ.' ಶವಾಸನದ ಫೋಟೊ ಅಂತೂ ಡಿಲೀಟ ಮಾಡ್ರಿ ಅಂದ್ರಂತ. ಕಡೀಗೆ ಅಷ್ಟೂ ಮಂದಿ ಕಣ್ಣು ಪಿಳಿಪಿಳಿ ಬಿಟ್ಕೊಂಡು, ಕ್ಯಾಮರಾ ಕಡಿ ನೋಡ್ಕೊಂತ, ಅಂತರ್ಮುಖಿ ಆದ್ವಿ.

ಮುಗಿಸಿ ಒಗ್ಗರಣಿ ಮಿರ್ಚಿ ತಿನ್ನಾಕತ್ತಿದ್ದೆ, ಕ್ಲರ್ಕು ಫಾರ್ಮ್ ಹಿಡ್ಕೊಂಡು ಬಂದ. ಕಡೀ ಕಾಲಂ: 'ಮನಶ್ಶಾಂತಿ ಪಡೆದವರ ಸಂಖ್ಯೆ, ಗಂಡು, ಹೆಣ್ಣು, ಒಟ್ಟು.' ಬಂದವ್ರು ಎಷ್ಟೋ ಅಷ್ಟನ್ನೂ ಅಲ್ಲಿ ಇಳಿಸಿದ್ದ. ಅಲ್ಲಪಾ, ನನಗ ಎಲ್ಲಿ ಸಿಕ್ಕೈತಿ, ನನ್ನ ಒಂದು ಕಡಿಮಿ ಮಾಡು ಅಂದೆ.

'ಮಾಡಬಹುದಿತ್ರಿ ಸರ, ಆದ್ರ ಟೋಟಲ್ ಟ್ಯಾಲಿ ಆಗಂಗಿಲ್ಲ. ಶಾಂತಿ ತಗೊಂಡ್ಬಿಡ್ರಿ, ಇಲ್ಲಿ ಸೈನ್ ಹಾಕ್ರಿ.'

ಎಣ್ಣಿ ಕೈ ಟೀಶರ್ಟಿಗೆ ಒರೆಸ್ಕೊಂಡು ಹಾಕಿದೆ.